ಅಕ್ಷಿಪಟಲ ಮತ್ತು ಏಡ್ಸ್

ಏಡ್ಸ್ ಎಂಬ ಹೆಸರು ಹುಟ್ಟುವುದಕ್ಕೆ ಬಹುಕಾಲ ಮೊದಲೇ ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಒಂದು ವಿಲಕ್ಷಣವಾದ ಜೀವಕೋಶವನ್ನು ಕಂಡಿದ್ದರು. ಊದಿಕೊಂಡು, ನಡುವೆ ಕಪ್ಪು ಬೊಟ್ಟನ್ನೂ ಸುತ್ತ ತಿಳಿಯಾದ ವಲಯವನ್ನೂ ತಳೆದಿದ್ದ ಅದನ್ನು ಅವರು ಗೂಬೆಯ ಕಣ್ಣಿಗೆ ಹೋಲಿಸಿದರು. ಇದಕ್ಕೆ ಕಾರಣವಾದ ಸೈಟೋಮೆಗಲೋ ವೈರಸ್ಸನ್ನು 1950ರ ದಶಕದಲ್ಲಿ ಬೇರ್ಪಡಿಸಲಾಯಿತು. ನಮ್ಮಲ್ಲಿ ಬಹುಮಂದಿಯ ದೇಹದಲ್ಲಿ ಯಾವ ಕೇಡನ್ನೂ ಮಾಡದೆ ಮಲಗಿರುವ ಈ ವೈರಾಣುವೇ ಮುಂದೆ ಸಹಸ್ರಾರು ಜನರ ದೃಷ್ಟಿಯನ್ನು ಅಪಹರಿಸೀತೆಂದು ಆಗ ಯಾರೂ ಎಣಿಸಿರಲಿಲ್ಲ.

1981ರ ಜೂನ್ 5ರಂದು ಲಾಸ್ ಏಂಜಲೀಸಿನ ಐವರು ತರುಣರ ಅಪೂರ್ವವಾದ ಶ್ವಾಸಕೋಶವ್ಯಾಧಿಯ ವರದಿ ಪ್ರಕಟವಾದಾಗ, ಐವರಲ್ಲಿಯೂ ಈ ವೈರಾಣುವಿನ ಕುರುಹಿತ್ತು. ಮರುವರ್ಷವೇ ಅದೇ ನಗರದ ನೇತ್ರವೈದ್ಯ ಗ್ಯಾರಿ ಹಾಲೆಂಡರೂ ಅವರ ಸಂಗಡಿಗರೂ ಮುಂದೆ ಏಡ್ಸ್ ಎನಿಸಿದ ಈ ರೋಗಕ್ಕೆ ತುತ್ತಾದವರ ಕಣ್ಣುಗಳಲ್ಲಿ ಕಂಡ ವಿಕಾರಗಳನ್ನು ಬರೆದಿಟ್ಟರು. ಅರಳೆಯ ತುಣುಕಿನಂಥ ಬಿಳಿಯ ಚುಕ್ಕೆಗಳು ಅಷ್ಟೇನೂ ಅಪಾಯಕರವಲ್ಲ. ಸೈಟೋಮೆಗಲೋ ವೈರಸ್ಸು ತಂದ, ರಕ್ತಸ್ರಾವದೊಡನೆ ಅಂಚಿನಿಂದ ಹಬ್ಬುವ ಬೆಳ್ಳನೆಯ ಮಚ್ಚೆಯಾದರೋ ಅಕ್ಷಿಪಟಲವನ್ನೇ ನಾಶಮಾಡುತ್ತಿತ್ತು. ರೋಗನಿರೋಧಕ ಸಿಡಿ4 ಕೋಶಗಳು ಘನ ಮಿಲಿಮೀಟರು ರಕ್ತದಲ್ಲಿ 50ಕ್ಕಿಂತ ಕೆಳಗಿಳಿದವರಿಗೇ ಈ ವಿಪತ್ತು ಹೆಚ್ಚು. ನೋವಿಲ್ಲ, ಕೆಂಪಿಲ್ಲ, ಕಣ್ಣೆದುರು ಸೊಳ್ಳೆ ಹಾರಿದಂತೆ ತೋರುವುದುಂಟು, ಅನೇಕರಿಗೆ ಅದೂ ಇಲ್ಲ.

ಈ ವೈರಾಣುವಿನ ವಿರುದ್ಧದ ಔಷಧಗಳಾಗಿ 1989ರಲ್ಲಿ ಗ್ಯಾನ್ಸಿಕ್ಲೋವಿರ್, 1991ರಲ್ಲಿ ಫಾಸ್ಕಾರ್ನೆಟ್ ಅಮೆರಿಕದಲ್ಲಿ ಸಮ್ಮತಿ ಪಡೆದುವು. ಇವು ರೋಗವನ್ನು ತಡೆಹಿಡಿಯುತ್ತಿದ್ದುವೇ ಹೊರತು ನಿರ್ಮೂಲ ಮಾಡುತ್ತಿರಲಿಲ್ಲವಾದುದರಿಂದ, ರೋಗಿಯು ಎದೆಯಲ್ಲಿ ನಳಿಕೆಯನ್ನು ಧರಿಸಿ ದಿನದಿನವೂ ರಕ್ತನಾಳಕ್ಕೆ ಔಷಧ ಹರಿಸಿಕೊಳ್ಳುತ್ತ, ಉಳಿದ ಆಯುಷ್ಯವನ್ನು ಉಳಿದ ಬೆಳಕಿನೊಡನೆ ಅಳೆಯಬೇಕಾಗಿತ್ತು.

ಆಂಗ್ಲ ಚಿತ್ರನಿರ್ದೇಶಕ ಡೆರೆಕ್ ಜಾರ್ಮನ್ ಹೀಗೆ ದೃಷ್ಟಿ ಕಳೆದುಕೊಳ್ಳುತ್ತಿದ್ದವರು. 1993ರಲ್ಲಿ ಅವರು ‘ಬ್ಲೂ’ ಎಂಬ ಚಿತ್ರವನ್ನು ರಚಿಸಿದರು. ಪರದೆಯ ಮೇಲೆ ಆದ್ಯಂತ ನೀಲಿಯೊಂದನ್ನುಳಿದು ಮತ್ತೇನೂ ಇಲ್ಲ. ಆಸ್ಪತ್ರೆ, ಹನಿಯೌಷಧ, ಅಗಲಿದ ಗೆಳೆಯರು, ಎಲ್ಲವೂ ಕೇಳಿಬರುವ ಮಾತಿನಲ್ಲಿಯೇ ಇವೆ. ಬ್ರಿಟನ್ನಿನಲ್ಲಿ ಅದು ದೂರದರ್ಶನದಲ್ಲಿ ಬಂದಾಗ ರೇಡಿಯೋದಲ್ಲಿಯೂ ಏಕಕಾಲಕ್ಕೆ ಪ್ರಸಾರವಾಯಿತು. ಧ್ವನಿಯೊಂದನ್ನೇ ನೆಚ್ಚಿ ನಿಮ್ಮೊಡನೆ ಮಾತನಾಡುತ್ತಿರುವ ನನಗೆ ಈ ಸಂಗತಿ ಮರೆಯುವಂಥದಲ್ಲ. 1994ರ ಫೆಬ್ರವರಿಯಲ್ಲಿ ಜಾರ್ಮನ್ ತೀರಿಕೊಂಡರು.

ಎರಡೇ ವರ್ಷಗಳಲ್ಲಿ ದೃಶ್ಯವೇ ಬದಲಾಯಿತು. 1996ರಲ್ಲಿ ಏಡ್ಸಿಗೆ ಹಲವು ಔಷಧಗಳನ್ನು ಜೊತೆಗೂಡಿಸಿದ ಚಿಕಿತ್ಸೆ ಬಳಕೆಗೆ ಬಂದು, ಸಿಡಿ4 ಕೋಶಗಳು ಮತ್ತೆ ಬೆಳೆದುವು. ಕಣ್ಣಿನ ಸೋಂಕು ತಾನಾಗಿ ಹಿಂಜರಿಯಿತು. ಚೇತರಿಸಿದ ರೋಗನಿರೋಧಕ ಶಕ್ತಿಯೇ ಕೆಲವರ ಕಣ್ಣಿನಲ್ಲಿ ಉರಿಯೂತವೆಬ್ಬಿಸಿದ್ದೂ ಉಂಟು. ಇದೇ ಕಣ್ಣಿನ ಸೋಂಕಿಗೆಂದು 1998ರಲ್ಲಿ ಬಂದ ಫೋಮಿವಿರ್ಸೆನ್ ಎಂಬ ನವೀನ ಔಷಧವು, ಬೇಡುವ ರೋಗಿಗಳೇ ವಿರಳರಾದುದರಿಂದ, ಮಾರುಕಟ್ಟೆಯಿಂದ ಮರೆಯಾಯಿತು. ಔಷಧವೊಂದಕ್ಕೆ ಇದಕ್ಕಿಂತ ಶುಭವಾದ ಅಂತ್ಯವನ್ನು ನಾನರಿಯೆ.

ಭಾರತದಲ್ಲಿ ಎಆರ್‌ಟಿ ಎಂದು ಕರೆಯುವ ಈ ಜೊತೆಗೂಡಿಸಿದ ಔಷಧಗಳ ಚಿಕಿತ್ಸೆಯನ್ನು ಸರ್ಕಾರ ಉಚಿತವಾಗಿ ಆರಂಭಿಸಿದುದು 2004ರ ಏಪ್ರಿಲ್ 1ರಂದು. ಲೋಕಾಪವಾದಕ್ಕೆ ಅಂಜಿ, ದೇಹ ಸೊರಗಿದ ಬಳಿಕವೇ ಆಸ್ಪತ್ರೆಯ ಮೆಟ್ಟಿಲೇರುವವರು ಇಂದಿಗೂ ಇದ್ದಾರೆ. ಅಂಥವರ ಸಿಡಿ4 ಎಣಿಕೆ ತೀರ ಇಳಿದಿದ್ದರೆ, ದೃಷ್ಟಿಯ ದೂರಿಲ್ಲದಿದ್ದರೂ, ಹನಿ ಹಾಕಿ ಪಾಪೆ ಹಿಗ್ಗಿಸಿ, ಎರಡೂ ಕಣ್ಣುಗಳ ಅಕ್ಷಿಪಟಲವನ್ನು ಅಂಚಿನವರೆಗೆ ನೋಡಿಸಿಕೊಳ್ಳಬೇಕು.