ನೀರು ಬಿಟ್ಟಿದ್ದು ಬಂಡೆಗೆ, ಅಲುಗಿದ್ದು ಊರು



2017ರ ನವೆಂಬರ್ 15ರಂದು ದಕ್ಷಿಣ ಕೊರಿಯಾದ ಪೊಹಾಂಗ್ ನಗರದಲ್ಲಿ 5.5 ತೀವ್ರತೆಯ ಭೂಕಂಪ ಆಯ್ತು. ನೂರಕ್ಕೂ ಹೆಚ್ಚು ಜನರಿಗೆ ಗಾಯ, ಸಾವಿರಾರು ಕಟ್ಟಡಗಳಿಗೆ ಹಾನಿ. ಹತ್ತಿರದಲ್ಲೇ ಜಿಯೋಥರ್ಮಲ್, ಅಂದ್ರೆ ಭೂಶಾಖದಿಂದ ವಿದ್ಯುತ್ ತೆಗೆಯೋ ಯೋಜನೆ ನಡೀತಿತ್ತು. 4 ಕಿಲೋಮೀಟರ್‌ಗಿಂತ ಆಳಕ್ಕೆ ಬಾವಿ ಕೊರೆದು, ಬಿಸಿ ಬಂಡೆಯೊಳಗೆ ಒತ್ತಡದಲ್ಲಿ ನೀರು ನುಗ್ಗಿಸಿದ್ರು. ಭೂಕಂಪಕ್ಕೆ ಅದೇ ಕಾರಣನಾ ಅಂತ ನೋಡೋಕೆ ಕರೆಸಿದ ಐವರು ವಿದೇಶಿ ವಿಜ್ಞಾನಿಗಳಲ್ಲಿ ಒಬ್ಬರ ಹೆಸರು ಶೆಮಿನ್ ಗೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಪ್ರೊಫೆಸರ್.

ಅವರ ವಿಷಯ ಅಂತರ್ಜಲ. ಹಾಗಿದ್ರೆ ಭೂಕಂಪದ ತನಿಖೆಗೆ ಅವರನ್ನ ಯಾಕೆ ಕರೆದ್ರು?

ಬಿಸಿನೀರಲ್ಲಿ ತೊಳೆದ ಲೋಟವನ್ನ ಒದ್ದೆ ಅಡುಗೆಕಟ್ಟೆ ಮೇಲೆ ಬೋರಲು ಹಾಕಿ. ಕೆಲವು ಸಲ ತಾನಾಗೇ ಜಾರುತ್ತೆ. ಒಳಗಿನ ಗಾಳಿ ಹಿಗ್ಗಿ ಲೋಟದ ಭಾರವನ್ನ ಸ್ವಲ್ಪ ಹೊರುತ್ತೆ, ಹಿಡಿತ ಸಡಿಲಾಗುತ್ತೆ. ನೆಲದಡಿ ಸ್ತರಭಂಗ, ಅಂದ್ರೆ ಬಂಡೆಗಳ ನಡುವಿನ ದೊಡ್ಡ ಬಿರುಕಿನಲ್ಲಿ, ನೀರಿನ ಒತ್ತಡ ಇದೇ ಕೆಲಸ ಮಾಡುತ್ತೆ.

ಶೆಮಿನ್ ಅವರು ಈ ಪ್ರಶ್ನೆ ಹಿಡಿದು ವರ್ಷಗಟ್ಟಲೆ ದುಡಿದವರು. ಚೀನಾದ 2008ರ ಸಿಚುವಾನ್ ಭೂಕಂಪಕ್ಕೂ ಹತ್ತಿರದ ಜಲಾಶಯಕ್ಕೂ ನಂಟಿದೆಯಾ ಅಂತ ಮರುವರ್ಷವೇ ಪ್ರಬಂಧ ಬರೆದ್ರು. 2014ರಲ್ಲಿ ಒಕ್ಲಹೋಮಾದ ಬಗ್ಗೆ ಬಂದ ಅಧ್ಯಯನದಲ್ಲೂ ಇದ್ರು. ತೈಲ ಉದ್ಯಮದ ತ್ಯಾಜ್ಯ ನೀರನ್ನ ನೆಲಕ್ಕಿಳಿಸೋ ಬಾವಿಗಳು ಅಲ್ಲಿ ಸಾವಿರಾರು. ಅವುಗಳಲ್ಲಿ ಅತಿ ಹೆಚ್ಚು ನೀರು ತುಂಬಿಸ್ತಿದ್ದ ಬರೀ 4 ಬಾವಿಗಳು, 2008ರಿಂದ 2013ರವರೆಗೆ ಅಮೆರಿಕ ದೇಶದ ಮಧ್ಯಭಾಗದಲ್ಲಿ ಆದ ಕಂಪನಗಳ ಶೇ 20ರಷ್ಟಕ್ಕೆ ಕಾರಣ ಆಗಬಲ್ಲವು ಅಂತ ಅದು ಹೇಳಿತು.

ಪೊಹಾಂಗ್ ವರದಿ 2019ರ ಮಾರ್ಚ್‌ನಲ್ಲಿ ಬಂತು. ನುಗ್ಗಿಸಿದ ನೀರು, ಮೊದಲು ಗೊತ್ತೇ ಇರದ ಸ್ತರಭಂಗವನ್ನ ಕೆಣಕಿತ್ತು. 2017ರ ಏಪ್ರಿಲ್‌ನಲ್ಲೇ 3ಕ್ಕಿಂತ ದೊಡ್ಡ ಕಂಪನ ಬಂದಿತ್ತು. ಆಮೇಲೂ ಸೆಪ್ಟೆಂಬರ್‌ವರೆಗೆ ನೀರು ಬಿಟ್ಟಿದ್ರು.

ನಾನು ಬಿಕಾಂ ಓದಿದವನು. ಖರ್ಚು ಯಾರ ಖಾತೆಗೆ ಬೀಳುತ್ತೆ ಅಂತ ನೋಡೋದು ಅಭ್ಯಾಸ. ಇಲ್ಲಿ ಅದು ಮನೆ ಗೋಡೆ ಬಿರುಕು ಬಿಟ್ಟವರ ತಲೆಮೇಲೆ ಬಿತ್ತು. ಆ ಅಪಾಯವನ್ನ ಮೊದಲೇ ಲೆಕ್ಕ ಹಾಕಬಲ್ಲ ವಿದ್ಯೆಗೆ ನಾವು ‘ಸ್ಕೋಪ್ ಇಲ್ಲ’ ಅಂತೀವಿ.

ಲಡಾಖ್‌ನ ಪೂಗಾ ಕಣಿವೆಯಲ್ಲಿ ಭೂಶಾಖದ ವಿದ್ಯುತ್‌ಗಾಗಿ ಒಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಅಲ್ಲಿ ಬಿಸಿನೀರು ತಾನಾಗೇ ಉಕ್ಕುತ್ತೆ, ಪೊಹಾಂಗ್ ಥರ ಅಲ್ಲ. ಆದ್ರೂ ನೆಲದಡಿಯ ನೀರನ್ನ ತೆಗೆಯೋ, ಬಿಡೋ ಕಡೆಯೆಲ್ಲ ಒತ್ತಡ ಅಳೆಯೋರು ಬೇಕು, ‘ಸಾಕು, ನಿಲ್ಲಿಸಿ’ ಅನ್ನೋರೂ ಬೇಕು. ಅಂಥವರು ತಯಾರಾಗೋಕೆ ಹತ್ತಿಪ್ಪತ್ತು ವರ್ಷ ಹಿಡಿಯುತ್ತೆ. ನಿಮ್ಮ ಮನೆ ಮಕ್ಕಳು ಜಿಯಾಲಜಿ ಓದ್ತೀನಿ ಅಂದ್ರೆ ಸಂಬಳ ಎಷ್ಟು ಅಂತ ಕೇಳಿ, ತಪ್ಪಿಲ್ಲ. ಆದ್ರೆ ಬೇಡ ಅನ್ನೋ ಮೊದಲು ಪೊಹಾಂಗ್ ಕಥೆ ಒಂದ್ಸಲ ನೆನಪಿಸಿಕೊಳ್ಳಿ.

ಮುಂದಿನ ವಾರ ಸಿಗೋಣ.