ಪಾರ್ಟ್ ಸಿಗಲಿ ಅಂತ ಕಾಯಬ್ಯಾಡ್ರಿ, ಬರಕೊಳ್ರಿ

ಹೊಂಬಳದ ಹುಡುಗರೇ, ಹುಡುಗಿಯರೇ, ಗಿರೀಶ ಕಾರ್ನಾಡರ ಮೊದಲ ನಾಟಕವನ್ನು ಅಚ್ಚು ಹಾಕಿಸಿದ ಮನುಷ್ಯ ನಿಮ್ಮೂರವರು. ಜಿ.ಬಿ. ಜೋಶಿ ಅಂತ ಹೆಸರು. 1904ರಲ್ಲಿ ಗದುಗಿನ ಹತ್ತಿರದ ಈ ಹೊಂಬಳದಲ್ಲಿ ಹುಟ್ಟಿ, ಧಾರವಾಡ ಸೇರಿ, 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದವರು. ತಾವೂ ಬರೆದರು, 'ಜಡಭರತ' ಅನ್ನುವ ಹೆಸರಿನಲ್ಲಿ. 'ಮೂಕಬಲಿ', 'ಕದಡಿದ ನೀರು', 'ಸತ್ತವರ ನೆರಳು' ಅವರ ನಾಟಕಗಳು. 'ಧರ್ಮಸೆರೆ' ಅವರ ಕಾದಂಬರಿ. ಅದನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. 'ಸತ್ತವರ ನೆರಳು' ಬಿ.ವಿ. ಕಾರಂತರ ಕೈಗೆ ಸಿಕ್ಕಿ, ದಾಸರ ಪದಗಳ ಜೊತೆ ಬೆಂಗಳೂರಿನ ರಂಗದ ಮೇಲೆ ಮತ್ತೆ ಮತ್ತೆ ಆಡಿತು. ನಮ್ಮ ಕಡೆಯ ಮಠದ ಮಾತು, ನಮ್ಮ ಕಡೆಯ ಕುಹಕ ಅಲ್ಲಿಯವರಿಗೆ ಅರ್ಥ ಆಗುತ್ತದೋ ಇಲ್ಲವೋ ಅಂತ ಜೋಶಿಯವರು ಅಂಜಿ ಕೂತಿದ್ದರೆ ಆ ನಾಟಕವೇ ಇರುತ್ತಿರಲಿಲ್ಲ.

ಗ್ರಂಥಮಾಲೆಯ ಕಚೇರಿ ಧಾರವಾಡದ ಸುಭಾಷ ರಸ್ತೆಯ ಒಂದು ಅಟ್ಟ. ಸಾಹಿತ್ಯದ ಮಂದಿಗೆ 'ಅಟ್ಟ' ಅಂದರೆ ಸಾಕು, ವಿಳಾಸ ಬೇಕಾಗಿರಲಿಲ್ಲ. ಇಪ್ಪತ್ತೆರಡರ ಕಾರ್ನಾಡ ಬರೆದ 'ಯಯಾತಿ' ಬಂದು ಬಿದ್ದದ್ದು ಅಲ್ಲಿಗೇ. ಹುಡುಗ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ್ದ, ರೋಡ್ಸ್ ವಿದ್ಯಾರ್ಥಿವೇತನ ಗಿಟ್ಟಿಸಿ ಆಕ್ಸ್‌ಫರ್ಡಿಗೆ ಹೊರಟಿದ್ದ. ಇಂಗ್ಲಿಷಿನಲ್ಲಿ ಕವಿಯಾಗಿ ಹೆಸರು ಮಾಡಬೇಕು ಅನ್ನುವುದು ಅವನ ಆಸೆ. ಮನೆಯಲ್ಲಿ ಬೇರೆಯೇ ಚಿಂತೆ: ಹೋದ ಮಗ ತಿರುಗಿ ಬಂದಾನೋ ಇಲ್ಲವೋ? ಆ ಹಗ್ಗಜಗ್ಗಾಟದ ನಡುವೆ, ಮಗನ ಹರೆಯವನ್ನೇ ಕೇಳಿ ಇಸಿದುಕೊಂಡ ಮುದಿ ರಾಜನ ಕಥೆ ಅವನ ತಲೆಯೊಳಗೆ ಹೊಕ್ಕಿತು. ಬರೆಯಲು ಕೂತರೆ ಬಂದದ್ದು ನಾಟಕ, ಅದೂ ಕನ್ನಡದಲ್ಲಿ. ಬರೆದವನಿಗೇ ಬೆರಗು. 1961ರಲ್ಲಿ ಅದು ಪುಸ್ತಕವಾಯಿತು. ಹುಡುಗ ಆಗ ಇಂಗ್ಲೆಂಡಿನಲ್ಲಿದ್ದ. ಹೆಸರೇ ಕೇಳಿರದ ಒಬ್ಬ ಹುಡುಗನ ಹಸ್ತಪ್ರತಿಯನ್ನು ಓದಿ, ಇದರಲ್ಲಿ ಏನೋ ಇದೆ ಅಂತ ಹಿಡಿಯುವ ಕಣ್ಣು ಜೋಶಿಯವರ ಅಟ್ಟದಲ್ಲಿತ್ತು. ಅವರ ಜೊತೆಗಿದ್ದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಕೂಡ ಗದುಗಿನವರೇ.

ಮುಂದಿನದನ್ನು ನೀವು ಅಷ್ಟಿಷ್ಟು ಕೇಳಿದ್ದೀರಿ. ಆದರೆ ಜ್ಞಾನಪೀಠ, ಪದ್ಮಭೂಷಣ ಅಂತ ಪ್ರಶಸ್ತಿಗಳ ಸಾಲನ್ನೇ ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಆ ಮನುಷ್ಯ ದಿನ ಹೇಗೆ ಕಳೆದ ಅಂತ ಯಾರೂ ಹೇಳುವುದಿಲ್ಲ. ಆಕ್ಸ್‌ಫರ್ಡಿನಿಂದ ಬಂದವರು 1963ರಿಂದ ಮದರಾಸಿನಲ್ಲಿ ಪುಸ್ತಕ ಪ್ರಕಾಶನದ ನೌಕರಿ ಮಾಡಿದರು. ಏಳು ವರ್ಷ ಸಂಬಳದ ಕೆಲಸ. ಜೊತೆಗೆ ಮದ್ರಾಸ್ ಪ್ಲೇಯರ್ಸ್ ಅನ್ನುವ ಹವ್ಯಾಸಿ ತಂಡದಲ್ಲಿ ನಾಟಕ. 'ತುಘಲಕ್' 1964ರದು, ಅಂದರೆ ನೌಕರಿಯಲ್ಲಿದ್ದಾಗಿನದು. ಕಲೆಗಾಗಿ ಎಲ್ಲ ಬಿಟ್ಟು ಹೊರಡು ಅಂತ ಭಾಷಣ ಬಿಗಿಯುವವರ ಮಾತು ನಂಬಬೇಡಿ. ಹೊಟ್ಟೆಗೆ ಒಂದು ದಾರಿ ಮಾಡಿಕೊಂಡು ರಾತ್ರಿ ಬರೆದವರೇ ನಮ್ಮಲ್ಲಿ ಹೆಚ್ಚು.

ಆ ಹವ್ಯಾಸಿ ಗೆಳೆಯರ ಗುಂಪಿನಿಂದಲೇ 'ಸಂಸ್ಕಾರ' ಹುಟ್ಟಿತು. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ. ಚಿತ್ರಕಥೆ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ಮದರಾಸಿನ ಸೆನ್ಸಾರ್ ಮಂಡಳಿ ತಡೆ ಹಾಕಿತು. ತಡೆ ತೆರವಾಗಿ ಬಿಡುಗಡೆಯಾದ ಮೇಲೆ 1970ರ ಸ್ವರ್ಣಕಮಲ ಅದಕ್ಕೇ ಬಂತು; ಕನ್ನಡಕ್ಕೆ ಅದು ಮೊದಲನೆಯದು. ಮರುವರ್ಷ ಭೈರಪ್ಪನವರ 'ವಂಶವೃಕ್ಷ'ವನ್ನು ಕಾರಂತರ ಜೊತೆ ನಿರ್ದೇಶಿಸಿದರು, ಪಾತ್ರವನ್ನೂ ಮಾಡಿದರು. ಆಮೇಲೆ ಶ್ರೀಕೃಷ್ಣ ಆಲನಹಳ್ಳಿಯವರ 'ಕಾಡು' (1973). 1974ರಲ್ಲಿ, ಇನ್ನೂ ಮೂವತ್ತೈದು ದಾಟುವ ಹೊತ್ತಿಗೆ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರ ಕುರ್ಚಿ. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಶಂಕರನಾಗ್ ಎಂಬ ಹೊಸ ಹುಡುಗನನ್ನು ನಾಯಕ ಮಾಡಿದರು. ಅಟ್ಟದಲ್ಲಿ ತಮಗೆ ಸಿಕ್ಕಿದ್ದನ್ನೇ ಇನ್ನೊಬ್ಬನಿಗೆ ದಾಟಿಸಿದರು ಅನ್ನಿ.

ನನ್ನನ್ನು ಕೇಳಿದರೆ, ನಟ ಕಾರ್ನಾಡರಿಗಿಂತ ನಾಟಕಕಾರ ಕಾರ್ನಾಡರ ಕೈ ಬಹಳ ಮೇಲು. ಹಿಂದಿ ಸಿನಿಮಾಗಳಲ್ಲಿ ಅವರು ಮಾಡಿದ ಕೆಲವು ಪಾತ್ರಗಳು ಮರೆತರೂ ನಷ್ಟವಿಲ್ಲ. ಆದರೆ ನಟಿಸಿ ಬಂದ ದುಡ್ಡು ಅವರಿಗೆ ಬರೆಯುವ ಪುರಸೊತ್ತು ಕೊಟ್ಟಿತು. ರಂಗದ ಮೇಲೆ ನಿಂತು ಕಲಿತದ್ದು ಬರಹಕ್ಕೆ ಬಂತು. 'ತುಘಲಕ್' ಓದಿ ನೋಡಿ, ಯಾವ ಮಾತಿಗೆ ನಟ ಉಸಿರು ತಗೋಬೇಕು ಅನ್ನುವುದು ಬರೆದವನಿಗೆ ಗೊತ್ತಿತ್ತು.

ಪಾರ್ಟ್ ಮಾಡುವವರೇ ಬರೆಯುವುದು ನಮ್ಮಲ್ಲಷ್ಟೇ ಆದ ಮಾತಲ್ಲ. ಕೆನಡಾದ ಸಾರಾ ಪೋಲಿ ಸಣ್ಣ ಹುಡುಗಿಯಾಗಿದ್ದಾಗಲೇ ಟೀವಿಯಲ್ಲಿ ನಟಿ. ಬೆಳೆದ ಮೇಲೆ ಇನ್ನೊಬ್ಬರು ಬರೆದ ಪಾತ್ರ ಮಾಡುತ್ತ ಆರಾಮಾಗಿ ಇರಬಹುದಿತ್ತು. 2006ರಲ್ಲಿ, ಇನ್ನೂ ಇಪ್ಪತ್ತೇಳರಲ್ಲಿ, ತನ್ನ ದೇಶದವಳೇ ಆದ ಆಲಿಸ್ ಮನ್ರೋ ಬರೆದ ಸಣ್ಣಕಥೆಯನ್ನು ಎತ್ತಿಕೊಂಡು ತಾನೇ ಚಿತ್ರಕಥೆ ಮಾಡಿ 'ಅವೇ ಫ್ರಮ್ ಹರ್' ನಿರ್ದೇಶಿಸಿದಳು. 'ವಿಮೆನ್ ಟಾಕಿಂಗ್' ಚಿತ್ರಕಥೆಗೆ 2023ರಲ್ಲಿ ಆಸ್ಕರ್ ಬಂತು. ದೂರದ್ದು ಬೇಡ ಅಂದರೆ ಕರಾವಳಿಯ ಕಡೆ ನೋಡಿ. ತಲೆಗೂದಲು ಉದುರಿದವನಿಗೆ ಯಾವ ನಿರ್ಮಾಪಕ ಹೀರೋ ಪಾರ್ಟ್ ಕೊಡುತ್ತಾನೆ? ರಾಜ್ ಬಿ. ಶೆಟ್ಟಿ 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಬರೆದು, ನಿರ್ದೇಶಿಸಿ, ಆ ಬೋಳುತಲೆಯ ಮಾಸ್ತರನ ಪಾತ್ರ ತಾನೇ ಮಾಡಿದ. ರಿಷಬ್ ಶೆಟ್ಟಿ ತನ್ನೂರು ಕೆರಾಡಿಗೇ ಕ್ಯಾಮೆರಾ ಹೊತ್ತುಕೊಂಡು ಹೋಗಿ 'ಕಾಂತಾರ' ತೆಗೆದ. ಮಂಗಳೂರು, ಕುಂದಾಪುರದ ಮಾತು ಪರದೆಯ ಮೇಲೆ ತಲೆ ಎತ್ತಿ ನಿಂತಿತು. ನಮ್ಮ ಮಾತು? ಸಿನಿಮಾದವರಿಗೆ ಅದು ಇವತ್ತಿಗೂ ಬಹುಪಾಲು ನಗಿಸಲಿಕ್ಕೆ ಬೇಕು. ಹೀರೋನ ಹಿಂದೆ ನಿಂತು 'ಯಾಕ್ರೀ ಸಾಹೇಬ್ರ' ಅನ್ನುವ ಪೇದೆಗೆ, ಲಾರಿ ಕ್ಲೀನರನಿಗೆ. ಸಿಟ್ಟು ಬರುತ್ತದಲ್ಲ? ಬರಲಿ. ಆ ಸಿಟ್ಟಿನಲ್ಲಿ ಒಂದು ಸೀನು ಬರೆಯಿರಿ.

ಗದುಗಿನ ನೆಲಕ್ಕೆ ಇದು ಹೊಸದೂ ಅಲ್ಲ. ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ಇಲ್ಲಿ ಕೃತಪುರ ನಾಟಕ ಮಂಡಳಿ ಎಬ್ಬಿಸಿದಾಗ ಈ ಭಾಗದ ರಂಗವೆಲ್ಲ ಮರಾಠಿ ಕಂಪನಿಗಳ ಕೈಯಲ್ಲಿತ್ತು. ಅವರೊಬ್ಬ ಶಾಲಾ ಮಾಸ್ತರ. ಕನ್ನಡ ನಾಟಕ ಇಲ್ಲವೇ? ಬರೆದರೆ ಆಯಿತು ಅಂದರು, ಬರೆದರು, ಆಡಿಸಿದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಲ್ಲಿ ಮಾಲಕ, ನಟ, ನಾಟಕಕಾರ, ತಾಲೀಮಿನ ಮಾಸ್ತರ ಎಲ್ಲ ಅವರೊಬ್ಬರೇ. ಕಣ್ಣು ಕಾಣದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಹೇಳಿಕೊಡುತ್ತಲೇ ಆಶ್ರಮದ ನಾಟ್ಯಸಂಘಕ್ಕೆ ನಾಟಕ ಬರೆದುಕೊಟ್ಟರು.

ಇಷ್ಟೆಲ್ಲ ಇದ್ದೂ ಇವತ್ತು ನಮ್ಮ ಹಳ್ಳಿಗಳ ಜಾತ್ರೆಯಲ್ಲಿ ಏನು ನಡೆದಿದೆ? ಹುಡುಗರು ಪಟ್ಟಿ ಎತ್ತುತ್ತಾರೆ. ಪೇಟೆಯ ಅಂಗಡಿಯಿಂದ ಅದೇ ಹಳೆಯ ನಾಟಕದ ಪುಸ್ತಕ ಬರುತ್ತದೆ. ಎಲೆಕ್ಷನ್‌ನಷ್ಟೇ ಬಿರುಸಿನಲ್ಲಿ ಹೀರೋ ಪಾರ್ಟಿಗೆ ಹರಾಜು. ಹೆಚ್ಚು ದುಡ್ಡು ಹಾಕಿದವನಿಗೆ ದೊಡ್ಡ ಪಾರ್ಟು. ಸೀನರಿ, ಲೈಟು, ಹಾರ್ಮೋನಿಯಂ ಮಾಸ್ತರ ಎಲ್ಲ ಬಾಡಿಗೆಗೆ. ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರು. ಊರ ಹುಡುಗಿಯರು ಚಾಪೆ ಹಾಸಿಕೊಂಡು ನೋಡುತ್ತಾರೆ. ಬೆಳಗಿನ ಜಾವ ಮಂಗಳಾರತಿ ಆದರೆ ಮುಗಿಯಿತು, ಮುಂದಿನ ವರ್ಷದ ತನಕ ಯಾರೂ ಒಂದು ಸಾಲು ಬರೆಯುವುದಿಲ್ಲ. ಹಳೆಯ ನಾಟಕಗಳ ಮೇಲೆ ನನಗೆ ದ್ವೇಷವಿಲ್ಲ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯನ್ನು ಈಗಲೂ ಬಾಯಿ ತೆರೆದು ನೋಡುತ್ತೇನೆ. ಆದರೆ ಅವರೂ ತಮ್ಮ ಕಾಲದಲ್ಲಿ ಹೊಸದನ್ನೇ ಬರೆದದ್ದು.

ನಿಮಗೆ ಸಾಮಗ್ರಿ ಕಡಿಮೆಯೇ? ಎರಿ ಹೊಲದಲ್ಲಿ ಕಡಲೆ ಬಿತ್ತಿ ಮಳೆ ಕೈಕೊಟ್ಟ ಮನೆ ಇದೆ. ಗೋವಾಕ್ಕೆ ದುಡಿಯಲು ಹೋದ ಅಣ್ಣ ಇದ್ದಾನೆ. ಗದುಗಿನ ಕಾಲೇಜಿಗೆ ಬಸ್ಸಿನಲ್ಲಿ ಜೋತುಬಿದ್ದು ಹೋಗುವ ತಂಗಿ ಇದ್ದಾಳೆ. ಆ ಬಸ್ಸಿನಲ್ಲಿ ನಡೆಯುವ ಮಾತುಗಳಿಂದಲೇ ಒಂದು ಅಂಕ ಆದೀತು. ಪೂರ್ತಿ ನಾಟಕ ಬೇಡ, ಮೊದಲು ಹತ್ತು ನಿಮಿಷದ್ದು ಬರೆಯಿರಿ. ಬರೆದದ್ದನ್ನು ಗೆಳೆಯರ ಬಾಯಲ್ಲಿ ಆಡಿಸಿ ಕೇಳಿ. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ಮಾತು ಸುಳ್ಳಾಗಿದೆ, ಹೊಡೆದುಹಾಕಿ. ಮೊಬೈಲಿನಲ್ಲಿ ತೆಗೆಯುವುದಾದರೂ ಮೊದಲು ಕಾಗದದ ಮೇಲೆ ಬರೆಯಿರಿ. ಇನ್ನೊಬ್ಬರ ಡೈಲಾಗಿಗೆ ತುಟಿ ಅಲ್ಲಾಡಿಸುವ ರೀಲ್ಸ್ ಸಾಕು. ಊರಲ್ಲಿ ನಾಲ್ಕು ಪುಸ್ತಕ ಓದಿದ ಮಾಸ್ತರರೋ ಅಕ್ಕನೋ ಇದ್ದರೆ ಅವರ ಕೈಗೆ ಕೊಟ್ಟು, ಮುಖ ನೋಡದೆ ಬೈಯಿರಿ ಅಂತ ಹೇಳಿ. ಹುಡುಗಿಯರೇ, ನಿಮಗೆ ಹೆಚ್ಚಿನ ಮಾತು: ಪಾರ್ಟ್ ಮಾಡಲು ಮನೆಯವರು ಬಿಡಲಿಕ್ಕಿಲ್ಲ, ಅದೊಂದು ಜಗಳ. ಬರೆಯಲು ಯಾರ ಅಪ್ಪಣೆ?

ಜಾತ್ರೆಯ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ದೇಣಿಗೆ ಕೊಟ್ಟವರ ಫೋಟೋಗಳ ನಡುವೆ 'ರಚನೆ' ಅಂತ ಒಂದು ಸಣ್ಣ ಸಾಲು ಇರುತ್ತದೆ, ಯಾರೂ ಓದುವುದಿಲ್ಲ. ಬರುವ ಜಾತ್ರೆಗೆ ಆ ಸಾಲಿನಲ್ಲಿ ಊರವರದೇ ಹೆಸರು ಬರಲಿ. ಪಟ್ಟಿ ಎತ್ತುವ ಮೊದಲೇ ಶುರು ಮಾಡಿ. ತಾಲೀಮಿಗೆ ಒಂದು ತಿಂಗಳಾದರೂ ಬೇಕು.