ಗೋಡೆಯ ಮೇಲಿನ ತಿಮಿಂಗಿಲ

(ಆಕಾಶವಾಣಿ ಭಾಷಣ)

ತಿಮಿ ಎಂದರೆ ದೊಡ್ಡ ಮೀನು. ಅದನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವ ಇನ್ನೊಂದು ಪ್ರಾಣಿಯನ್ನು ನಮ್ಮ ಹಿಂದಿನವರು ಕಲ್ಪಿಸಿ, ತಿಮಿಂಗಿಲಗಿಲ ಎಂದು ಹೆಸರಿಟ್ಟರು. ಈ ಕೊನೆಯದನ್ನು ಕಡಲಿನಲ್ಲಿ ಕಂಡವರಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಲೆಕ್ಕವನ್ನು ನೋಡಿದರೆ ಅದು ಯಾರೆಂದು ಊಹಿಸುವುದು ಕಷ್ಟವಲ್ಲ. ಆ ನೂರು ವರ್ಷಗಳಲ್ಲಿ ಮನುಷ್ಯ ಕೊಂದ ತಿಮಿಂಗಿಲಗಳು ಸುಮಾರು 29 ಲಕ್ಷ. ಸಾಬೂನಿಗೆ, ಯಂತ್ರಗಳ ಎಣ್ಣೆಗೆ, ಕೃತಕ ಬೆಣ್ಣೆಗೆ ಅವುಗಳ ಕೊಬ್ಬು ಬೇಕಾಗಿತ್ತು.

ಇಷ್ಟು ದೊಡ್ಡ ಸಂಹಾರ ನೆಲದ ಮೇಲಿದ್ದ ಬಹುಮಂದಿಯ ಕಣ್ಣಿಗೆ ಬೀಳಲೇ ಇಲ್ಲ. ಕಾಡು ಕಡಿದರೆ ಬೋಳುಗುಡ್ಡ ಕಾಣುತ್ತದೆ. ಕಡಲನ್ನು ಬರಿದು ಮಾಡಿದರೆ ಅಲೆ ಎಂದಿನಂತೆಯೇ ಬಂದು ದಡಕ್ಕೆ ಬಡಿಯುತ್ತದೆ. ಕಾಣದುದಕ್ಕಾಗಿ ಮರುಗುವುದು ಮನುಷ್ಯನಿಗೆ ಸುಲಭವಲ್ಲ. ಹಾಗೆ ಕಾಣದುದನ್ನು ಕಾಣಿಸುವುದನ್ನೇ ಬಾಳಿನ ಕೆಲಸವಾಗಿ ಮಾಡಿಕೊಂಡ ಅಮೆರಿಕದ ಚಿತ್ರಕಾರ ರಾಬರ್ಟ್ ವೈಲ್ಯಾಂಡ್‌ನ ವಿಷಯವಾಗಿ ನಾನು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ವೈಲ್ಯಾಂಡ್ ಹುಟ್ಟಿದ್ದು 1956ರಲ್ಲಿ. ಬೆಳೆದದ್ದು ಮಿಷಿಗನ್ ರಾಜ್ಯದಲ್ಲಿ, ಮೋಟಾರು ಕಾರ್ಖಾನೆಗಳ ನಗರವಾದ ಡೆಟ್ರಾಯಿಟ್‌ನ ಮಗ್ಗುಲಲ್ಲಿ. ಅಲ್ಲಿಗೆ ಸಾಗರ ಬಹುದೂರ. ಹುಟ್ಟುವಾಗಲೇ ಪಾದ ತಿರುಚಿಕೊಂಡಿದ್ದುದರಿಂದ ಎಳೆತನದಲ್ಲಿ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಕಡಲಿನ ಪರಿಚಯವಾದದ್ದು ಟೆಲಿವಿಷನ್ನಿನಲ್ಲಿ, ಫ್ರಾನ್ಸಿನ ಸಾಗರಶೋಧಕ ಜಾಕ್ ಕೂಸ್ತೋ ತೆಗೆದ ಚಿತ್ರಗಳ ಮೂಲಕ. 1971ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಲಗೂನಾ ಬೀಚ್ ಎಂಬ ಊರಿಗೆ ಹೋದಾಗ ಈ ಹುಡುಗ ಪೆಸಿಫಿಕ್ ಸಾಗರವನ್ನು ಮೊದಲ ಸಲ ಕಂಡ. ದಡದಿಂದ ಕಾಣುವಷ್ಟು ಸಮೀಪದಲ್ಲಿ ಬೂದು ತಿಮಿಂಗಿಲಗಳು ಹಾದುಹೋಗುತ್ತಿದ್ದುವು.

ಈ ಬೂದು ತಿಮಿಂಗಿಲದ ಕಥೆಯೂ ಕೇಳತಕ್ಕದ್ದು. ಬೇಸಗೆಯಲ್ಲಿ ಆರ್ಕ್ಟಿಕ್ ಪ್ರದೇಶದ ಸಮುದ್ರತಳದ ಕೆಸರನ್ನು ಸೋಸಿ, ಅದರಲ್ಲಿರುವ ಸಣ್ಣ ಜೀವಿಗಳನ್ನು ತಿಂದು ಕೊಬ್ಬುತ್ತದೆ. ಚಳಿಗಾಲಕ್ಕೆ ಸಾವಿರಾರು ಕಿಲೋಮೀಟರು ಈಜಿ, ಮೆಕ್ಸಿಕೋ ದೇಶದ ಬೆಚ್ಚನೆಯ ಹಿನ್ನೀರುಗಳಿಗೆ ಬಂದು ಮರಿ ಹಾಕುತ್ತದೆ. ಹತ್ತೊಂಬತ್ತನೆಯ ಶತಮಾನದ ಬೇಟೆಗಾರರು ಆ ಬಾಣಂತಿಮನೆಯನ್ನೇ ಹೊಕ್ಕು ಕೊಂದರು. ಮರಿಯನ್ನು ಉಳಿಸಿಕೊಳ್ಳಲು ದೋಣಿಯ ಮೇಲೆ ಎರಗಿದ ತಾಯಿಗೆ ಅವರು ಇಟ್ಟ ಹೆಸರು ‘ಸೈತಾನಮೀನು’! ಮುಂದೆ ಬೇಟೆಗೆ ನಿಷೇಧ ಬಂದು ಈ ಸಂತತಿ ಚೇತರಿಸಿಕೊಂಡಿತು. 1994ರಲ್ಲಿ ಅಮೆರಿಕದ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ಇದರ ಹೆಸರನ್ನು ತೆಗೆದರು.

ಡೆಟ್ರಾಯಿಟ್‌ನಲ್ಲಿ ಕಲಾಭ್ಯಾಸ ಮಾಡಿದ ವೈಲ್ಯಾಂಡ್‌ಗೆ ಒಂದು ಸಮಸ್ಯೆ ಎದುರಾಯಿತು. ನಲವತ್ತು ಅಡಿಗೂ ಮಿಕ್ಕ ಪ್ರಾಣಿಯನ್ನು ಎರಡಡಿಯ ಬಟ್ಟೆಯ ಮೇಲೆ ಬರೆದರೆ ಅದು ಮೀನಿನಂತೆ ಕಾಣುತ್ತದೆ. ಅದರ ಭವ್ಯತೆಯೇ ಮಾಯವಾಗುತ್ತದೆ. ಆದುದರಿಂದ ಆತ ಗೋಡೆಯನ್ನು ಆರಿಸಿಕೊಂಡ. 1981ರಲ್ಲಿ, ತಾನು ಕಡಲನ್ನು ಮೊದಲು ಕಂಡ ಲಗೂನಾ ಬೀಚ್‌ನಲ್ಲಿಯೇ, 140 ಅಡಿ ಉದ್ದದ ಗೋಡೆಯ ಮೇಲೆ ಬೂದು ತಿಮಿಂಗಿಲದ ತಾಯಿಯನ್ನೂ ಮರಿಯನ್ನೂ ನಿಜದ ಅಳತೆಯಲ್ಲಿ ಬರೆದ. ಇಂಥ ನೂರು ಗೋಡೆಗಳನ್ನು ಬರೆಯುವುದಾಗಿ ಸಂಕಲ್ಪ ಮಾಡಿದ. ಅವುಗಳಿಗೆ ‘ವೇಲಿಂಗ್ ವಾಲ್ಸ್’ ಎಂದು ಹೆಸರು. ತಿಮಿಂಗಿಲದ ಬೇಟೆ ಎಂಬ ಅರ್ಥದ ಈ ಮಾತು, ಕಿವಿಗೆ ಜೆರೂಸಲೇಮಿನ ಗೋಳಿನ ಗೋಡೆಯನ್ನೂ ನೆನಪಿಸುತ್ತದೆ.

ಸಂಕಲ್ಪ ನೆರವೇರಲು 27 ವರ್ಷ ಹಿಡಿಯಿತು. 1992ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ದುಂಡನೆಯ ಕ್ರೀಡಾಮಂದಿರದ ಸುತ್ತ 1,16,000 ಚದರಡಿಗೂ ಮಿಕ್ಕ ಚಿತ್ರ ಎದ್ದಿತು. 1993ರಲ್ಲಿ ಅಮೆರಿಕದ ಪೂರ್ವ ಕರಾವಳಿಯ 17 ನಗರಗಳಲ್ಲಿ 17 ವಾರಗಳಲ್ಲಿ 17 ಗೋಡೆಗಳು ಮುಗಿದುವು. ಅದೇ ವರ್ಷ ಆತ ತನ್ನ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿದ. ನೂರನೆಯ ಚಿತ್ರ 2008ರಲ್ಲಿ ಬೀಜಿಂಗ್‌ನಲ್ಲಿ ಸಿದ್ಧವಾಯಿತು. ಅದರಲ್ಲಿ ಹಲವು ದೇಶಗಳ ಮಕ್ಕಳ ಕೈ ಸೇರಿತ್ತು.

ಇಷ್ಟು ಹೇಳಿ ಕೈಮುಗಿದರೆ ಅದು ಸ್ತುತಿಪಾಠವಾದೀತು. ವಿಮರ್ಶಕರಲ್ಲಿ ಈತನನ್ನು ದೊಡ್ಡ ಕಲಾವಿದನೆಂದು ಒಪ್ಪದವರಿದ್ದಾರೆ. ಸ್ವಂತ ಮಳಿಗೆಗಳಲ್ಲಿ ಚಿತ್ರಗಳನ್ನೂ ಶಿಲ್ಪಗಳನ್ನೂ ಮಾರಿ ಹಣ ಗಳಿಸಿದವನೆಂಬ ಮಾತೂ ಉಂಟು. ಕ್ಯಾಲಿಫೋರ್ನಿಯಾದ ವಾಹನಗಳ ನಂಬರು ಹಲಗೆಗೆ ಆತ ಕೊಟ್ಟ ತಿಮಿಂಗಿಲದ ಬಾಲದ ಚಿತ್ರದಿಂದ ಕಡಲತೀರದ ರಕ್ಷಣೆಗೆ ಕೋಟಿಗಟ್ಟಲೆ ಹಣ ಕೂಡಿತು. 2008ರಲ್ಲಿ ಆತ ತನ್ನ ಪ್ರತಿಷ್ಠಾನಕ್ಕೂ ಅದರಲ್ಲಿ ಪಾಲು ಕೇಳಿದ. ಸರಕಾರದವರು ಒಪ್ಪದೆ ಬೇರೊಂದು ಚಿತ್ರವನ್ನು ಬರೆಯಿಸಿಕೊಂಡರು. 1997ರಲ್ಲಿ ತನ್ನ ಡೆಟ್ರಾಯಿಟ್‌ಗೆ ಮರಳಿ, ಮೂವತ್ತಕ್ಕೂ ಹೆಚ್ಚು ಅಂತಸ್ತಿನ ಕಟ್ಟಡದ ಮೇಲೆ ತಿಮಿಂಗಿಲಗಳನ್ನು ಬರೆದ. ಮುಂದೆ ಜಾಹೀರಾತಿನ ಪರದೆ ಆ ಚಿತ್ರವನ್ನೇ ಕೆಲವು ಕಾಲ ಮುಚ್ಚಿತು! ತಿಮಿಂಗಿಲವನ್ನು ನುಂಗುವವರು ಕಡಲಿನಲ್ಲಿ ಮಾತ್ರವೇ ಇಲ್ಲ.

ಹಾಗಾದರೆ ಚಿತ್ರದಿಂದ ಆದ ಪ್ರಯೋಜನವೇನು? ಪ್ರಶ್ನೆ ನ್ಯಾಯವಾದುದು. ಬೂದು ತಿಮಿಂಗಿಲವನ್ನು ಉಳಿಸಿದ್ದು ಕುಂಚವಲ್ಲ, ಕಾನೂನು. ವ್ಯಾಪಾರದ ಬೇಟೆಯನ್ನು ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ತೀರ್ಮಾನಿಸಿತು. ಹಿಂದೂ ಮಹಾಸಾಗರ ಅದಕ್ಕೂ ಮೊದಲೇ, 1979ರಲ್ಲಿ, ಅವುಗಳ ಅಭಯಧಾಮವಾಗಿತ್ತು. ಆದರೆ ಕಾನೂನು ಬಾಳಬೇಕಾದರೆ ಅದರ ಹಿಂದೆ ಜನರ ಮನಸ್ಸಿರಬೇಕು. ಬಸ್ಸಿಗೆ ಕಾಯುತ್ತ ನಿಂತವನ ಎದುರಿಗೆ ನಿಜದ ಅಳತೆಯ ತಾಯಿಯೂ ಮರಿಯೂ ದಿನವೂ ತೇಲಿ ಬಂದರೆ, ಅವನಿಗೆ ಅವು ಎಣ್ಣೆಯ ಪೀಪಾಯಿಗಳಾಗಿ ಉಳಿಯುವುದಿಲ್ಲ. ಚಿತ್ರದಿಂದ ಆಗುವ ಕೆಲಸ ಇಷ್ಟು, ಇದು ಕಡಿಮೆಯದಲ್ಲ.

ಈಗಿನ ಅಪಾಯ ಬೇಟೆಗಾರನ ಈಟಿಗಿಂತ ಸೂಕ್ಷ್ಮವಾದುದು. 2019ರಿಂದ ಕೆಲವು ವರ್ಷ ಬೂದು ತಿಮಿಂಗಿಲಗಳು ಅಸಾಧಾರಣ ಸಂಖ್ಯೆಯಲ್ಲಿ ಸತ್ತುವು. ಉತ್ತರದ ಸಮುದ್ರ ಬದಲಾಗಿ ಅವುಗಳ ಆಹಾರ ಕುಂದಿದ್ದು ಮುಖ್ಯ ಕಾರಣವೆಂದು ವಿಜ್ಞಾನಿಗಳು ಕಂಡರು. ಇಲ್ಲಿ ಕೊಲ್ಲುವವನ ಮುಖ ಕಾಣುವುದಿಲ್ಲ. ಹೊಗೆಯಿಂದಲೂ ಕೊಳೆನೀರಿನಿಂದಲೂ ಕಡಲನ್ನು ಕೆಡಿಸುವವರಲ್ಲಿ ಒಳನಾಡಿನವರೂ ಸೇರಿದ್ದಾರೆ. ವೈಲ್ಯಾಂಡ್‌ನ ಪ್ರತಿಷ್ಠಾನ ಕಡಲಿನ ಜೊತೆಗೆ ಒಳನಾಡಿನ ಊರುಗಳ ನೀರಿನ ಮಿತಬಳಕೆಗೂ ದುಡಿಯುತ್ತಿರುವುದು ಈ ದೃಷ್ಟಿಯಿಂದ ಸರಿಯಾಗಿದೆ.

ನಾನಿರುವ ಶಂಕರಘಟ್ಟದಲ್ಲಿ ಕಡಲಿನ ಮಾತೇಕೆ ಎಂದು ಕೇಳುವವರಿಗೆ ಭದ್ರಾನದಿಯೇ ಉತ್ತರ. ಕುವೆಂಪು ವಿಶ್ವವಿದ್ಯಾನಿಲಯದ ಆವರಣಕ್ಕೆ ಸಮೀಪದಲ್ಲಿಯೇ ಭದ್ರಾ ಅಣೆಕಟ್ಟಿದೆ. ಕುದುರೆಮುಖದ ನೆತ್ತಿಯಿಂದ ಪಡುವಣ ಕಡಲು ಕಾಣುತ್ತದೆ. ಆ ಬೆಟ್ಟಸಾಲಿನ ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಮಾತ್ರ ಆ ಕಡಲಿಗೆ ಬೆನ್ನುಮಾಡಿ, ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಕುದುರೆಮುಖದ ಗಣಿಯ ಹೂಳು ಆ ನೀರಿಗೆ ಇಳಿಯುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ನಮ್ಮ ಚರಂಡಿಗಳು ನಿಂತಿಲ್ಲ. ಹೊಳೆಗೆ ಎಸೆದುದು ಹೊಳೆಯಲ್ಲಿ ಉಳಿಯುವುದಿಲ್ಲ.

ಬೇಸಗೆಯಲ್ಲಿ ಜಲಾಶಯ ತಗ್ಗಿದಾಗ, ನಡುವೆ ತೆರೆದುಕೊಳ್ಳುವ ಬರಿಯ ನಡುಗಡ್ಡೆಗಳ ಮೇಲೆ ನದಿ ರೀವ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆಯಿಡುತ್ತವೆ. ಅವುಗಳ ಬದುಕು ಈ ನೀರಿನ ಮೀನನ್ನು ನಂಬಿದೆ. ಭದ್ರಾವತಿಯ ಪೇಟೆಯಲ್ಲಿ ಅವನ್ನು ಕಂಡವರು ಎಷ್ಟು ಮಂದಿ? ನಮ್ಮ ಚಿತ್ರಕಾರರಲ್ಲಿ ಯಾರಾದರೂ ಬಸ್‌ನಿಲ್ದಾಣದ ಒಂದು ಉದ್ದನೆಯ ಗೋಡೆಯನ್ನು ಕೇಳಿ ಪಡೆದು, ಆ ಹಕ್ಕಿಗಳನ್ನೂ ನೀರೊಳಗಿನ ಮೀನುಗಳನ್ನೂ ಬರೆದರೆ, ಹೊಳೆಗೆ ಕಸ ಸುರಿಯುವ ಕೈ ಒಂದು ಕ್ಷಣವಾದರೂ ತಡೆದೀತು ಎಂದು ನನ್ನ ನಂಬಿಕೆ.